ಒಂದೇ ಟ್ಯೂಬ್, ಹಲವು ಚರ್ಮ: ಹುಳುಕಡ್ಡಿ ಯಾಕೆ ಬಿಟ್ಟುಹೋಗುತ್ತಿಲ್ಲ

ತೊಡೆಸಂದಿನ ತುರಿಕೆಯನ್ನು ಯಾರೂ ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ. ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ದನಿ ತಗ್ಗಿಸಿ ‘ತುರಿಕೆಗೆ ಒಂದು ಕ್ರೀಮ್ ಕೊಡಿ’ ಅಂದರೆ 15 ಗ್ರಾಂನ ಟ್ಯೂಬೊಂದು ಕೈಗೆ ಬರುತ್ತದೆ. ಹಚ್ಚಿದ ರಾತ್ರಿಯೇ ನವೆ ತಗ್ಗುತ್ತದೆ, ಮೂರನೇ ದಿನಕ್ಕೆ ಕೆಂಪು ಮಾಯ. ಟ್ಯೂಬ್ ಮುಗಿದ ವಾರದೊಳಗೆ ಅದೇ ಜಾಗದಲ್ಲಿ, ಮೊದಲಿಗಿಂತ ಅಗಲವಾಗಿ ಮತ್ತೆ ಶುರು. ಮತ್ತೆ ಅದೇ ಅಂಗಡಿ, ಅದೇ ಟ್ಯೂಬ್. ಹಿಂದೆಲ್ಲ ಎರಡು-ಮೂರು ವಾರದ ಮುಲಾಮಿಗೆ ಹೋಗುತ್ತಿದ್ದ ಹುಳುಕಡ್ಡಿ ಈಗ ತಿಂಗಳುಗಟ್ಟಲೆ ಕಾಡುತ್ತದೆ, ಮನೆಮಂದಿಗೆಲ್ಲ ಹರಡುತ್ತದೆ. ದೇಶದ ಯಾವುದೇ ಚರ್ಮರೋಗ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ನಿಂತು ನೋಡಿದರೂ ಈ ಕಥೆ ಹೊಸದಲ್ಲ.

ಹುಳುಕಡ್ಡಿ ತರುವ ಶಿಲೀಂಧ್ರವೇ ಬದಲಾಗಿದೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಆ ಟ್ಯೂಬಿನೊಳಗೇ ಇದೆ. ಅದು ಅರ್ಥವಾಗಬೇಕಾದರೆ ಚರ್ಮವನ್ನು ಪದರ ಪದರವಾಗಿ ಬಿಡಿಸಿ ನೋಡಬೇಕು. ನಮ್ಮ ಮೈಮೇಲಿರುವುದು ಒಂದೇ ಚರ್ಮವಲ್ಲ. ಅಂಗಾಲಿನದು ಒಂದು ಬಗೆ, ತೊಡೆಸಂದಿನದು ಇನ್ನೊಂದು, ಕೆನ್ನೆಯದು ಮತ್ತೊಂದು. ಹಚ್ಚುವ ಕ್ರೀಮ್ ಒಂದೇ ಆದರೂ ಒಳಗಿಳಿಯುವ ಔಷಧದ ಪ್ರಮಾಣ ಜಾಗದಿಂದ ಜಾಗಕ್ಕೆ ನೂರಾರು ಪಟ್ಟು ವ್ಯತ್ಯಾಸವಾಗುತ್ತದೆ. ಈ ಒಂದು ಮಾತನ್ನು ಯಾವ ಟ್ಯೂಬಿನ ಮೇಲೂ ಮುದ್ರಿಸುವುದಿಲ್ಲ.

ಟ್ಯೂಬಿನ ಬೆನ್ನ ಮೇಲಿನ ಸಣ್ಣ ಅಕ್ಷರ

ಹೀಗೆ ಕೈಗೆ ಬರುವ ‘ತುರಿಕೆ ಕ್ರೀಮ್’ನ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ಹೆಸರುಗಳಿರುತ್ತವೆ. ಮೈಕೊನಜೋಲ್, ಕ್ಲೋಟ್ರಿಮಜೋಲ್ ಅಥವಾ ಟರ್ಬಿನಫಿನ್ ಎಂದಿದ್ದರೆ ಅದು ಶಿಲೀಂಧ್ರಕ್ಕೆ. ನಿಯೋಮೈಸಿನ್, ಜೆಂಟಾಮೈಸಿನ್ ಅಥವಾ ಆಫ್ಲಾಕ್ಸಸಿನ್ ಎಂದಿದ್ದರೆ ಬ್ಯಾಕ್ಟೀರಿಯಾಕ್ಕೆ. ಹುಳುಕಡ್ಡಿಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲ, ನಿಯೋಮೈಸಿನ್ ಆದರೆ ಕೆಲವರಿಗೆ ಅಲರ್ಜಿಯನ್ನೂ ತರುತ್ತದೆ. ಕೊನೆಯದು ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್ ಅಥವಾ ಬೀಟಾಮೆಥಾಸೋನ್. ‘ಸೋನ್’ ಎಂದೋ ‘ಸಾಲ್’ ಎಂದೋ ಮುಗಿಯುವ ಈ ಹೆಸರೇ ಸ್ಟೀರಾಯ್ಡ್. ಮೊದಲ ರಾತ್ರಿಯ ನೆಮ್ಮದಿ ಇದರ ಕೊಡುಗೆ.

ಅಂಕಿಗಳು ಇಲ್ಲಿ ಮೋಸ ಮಾಡುತ್ತವೆ. ಹೈಡ್ರೋಕಾರ್ಟಿಸೋನ್ 1%, ಕ್ಲೋಬೆಟಾಸಾಲ್ 0.05% ಎಂದು ಬರೆದಿದ್ದರೆ ಮೊದಲನೆಯದೇ ಜೋರು ಎಂದು ಯಾರಿಗಾದರೂ ಅನಿಸುತ್ತದೆ. ಸಂಗತಿ ಉಲ್ಟಾ. ಹೈಡ್ರೋಕಾರ್ಟಿಸೋನ್ ಅತಿ ಸೌಮ್ಯ ದರ್ಜೆಯದು, ಕ್ಲೋಬೆಟಾಸಾಲ್ ಅತಿ ಪ್ರಬಲ ದರ್ಜೆಯದು. ಸೂಕ್ತ ಕಾಯಿಲೆಗೇ ಬಳಸಿದರೂ ವಾರಕ್ಕೆ 50 ಗ್ರಾಂ ಮೀರಬಾರದು, ಸತತ ಎರಡು ವಾರ ದಾಟಬಾರದು ಎಂಬ ಮಿತಿ ಅದಕ್ಕಿದೆ. ಮುಖ, ಕಂಕುಳು, ತೊಡೆಸಂದಿಗೆ ಅದು ಸಲ್ಲದು. ಆದರೆ ಜನ ಹುಡುಕಿಕೊಂಡು ಹೋಗುವುದು ತೊಡೆಸಂದಿಗೆಂದೇ.

ಬಲ ಅಳೆಯುವ ವಿಧಾನವೂ ಸ್ವಾರಸ್ಯಕರ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ರೂಪಿಸಿದ ಪರೀಕ್ಷೆಯಲ್ಲಿ ಸ್ಟೀರಾಯ್ಡನ್ನು ಮುಂಗೈ ಚರ್ಮಕ್ಕೆ ಹಚ್ಚಿ, ಆ ಜಾಗ ಎಷ್ಟು ಬಿಳಿಚಿಕೊಳ್ಳುತ್ತದೆ ಎಂದು ನೋಡುತ್ತಾರೆ. ಒಳಗಿನ ಸಣ್ಣ ರಕ್ತನಾಳಗಳು ಎಷ್ಟು ಬಿಗಿದುಕೊಂಡರೆ ಔಷಧ ಅಷ್ಟು ಪ್ರಬಲ. ಸ್ಟೀರಾಯ್ಡ್ ಟ್ಯೂಬಿಗೆ ‘ಬೆಳ್ಳಗಾಗುವ ಕ್ರೀಮ್’ ಎಂಬ ಖ್ಯಾತಿ ಎಲ್ಲಿಂದ ಬಂತು ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಹತ್ತಿಪ್ಪತ್ತು ಮೈಕ್ರಾನ್‌ನ ಕೋಟೆ

ಚರ್ಮಕ್ಕೆ ದೊಡ್ಡದಾಗಿ ಮೂರು ಅಂತಸ್ತು: ಮೇಲೆ ಎಪಿಡರ್ಮಿಸ್ ಎಂಬ ಹೊರಚರ್ಮ, ಕೆಳಗೆ ಡರ್ಮಿಸ್ ಎಂಬ ಒಳಚರ್ಮ, ಅದರಡಿ ಕೊಬ್ಬಿನ ಮೆತ್ತೆ. ಕೊಬ್ಬಿನ ಮೆತ್ತೆ ಮೈಯ ಶಾಖ ಕಾಯುತ್ತದೆ, ಪೆಟ್ಟು ತಾಳುತ್ತದೆ. ನಮ್ಮ ವಿಷಯಕ್ಕೆ ಅಷ್ಟು ಸಾಕು. ಜಗಳವೆಲ್ಲ ಮೇಲಿನ ಎರಡರಲ್ಲಿ.

ಹೊರಚರ್ಮ ಕಣ್ಣರೆಪ್ಪೆಯ ಮೇಲೆ ಸುಮಾರು 0.05 ಮಿ.ಮೀ. ಇದ್ದರೆ ಅಂಗೈ, ಅಂಗಾಲಿನಲ್ಲಿ 1.5 ಮಿ.ಮೀ.ವರೆಗೆ ಇರುತ್ತದೆ. ಇದರಲ್ಲಿ ರಕ್ತನಾಳವಿಲ್ಲ, ಕೆಳಗಿನ ಡರ್ಮಿಸಿನಿಂದ ಒಸರಿ ಬರುವುದೇ ಇದಕ್ಕೆ ಆಹಾರ. ತೀರಾ ತಳದಲ್ಲಿ ಒಂದೇ ಸಾಲು ಜೀವಕೋಶಗಳು ನಿಂತು ಸದಾ ಇಬ್ಭಾಗವಾಗುತ್ತಿರುತ್ತವೆ. ಹುಟ್ಟಿದ ಕೋಶ ಮೇಲಕ್ಕೆ ತಳ್ಳಲ್ಪಡುತ್ತ ಮುಳ್ಳುಪದರಕ್ಕೆ, ಅಲ್ಲಿಂದ ಕಣಪದರಕ್ಕೆ ಏರುತ್ತದೆ. ದಾರಿಯಲ್ಲಿ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿಕೊಳ್ಳುತ್ತದೆ, ನ್ಯೂಕ್ಲಿಯಸ್ ಕಳೆದುಕೊಳ್ಳುತ್ತದೆ, ಕೊನೆಗೆ ಚಪ್ಪಟೆಯಾದ ಸತ್ತ ಚಕ್ಕೆಯಾಗಿ ಅತಿ ಮೇಲಿನ ಕೊಂಬುಪದರ ಸೇರುತ್ತದೆ. ತಳದಿಂದ ಕಣಪದರ ದಾಟಲು ಎರಡು ವಾರ, ಕೊಂಬುಪದರದಲ್ಲಿ ಇದ್ದು ಉದುರಲು ಇನ್ನೆರಡು ವಾರ. ಸುಮಾರು 28 ದಿನಕ್ಕೆ ಹೊಸ ಮೇಲ್ಮೈ. ವಯಸ್ಸಾದಂತೆ ಇದು ನಿಧಾನವಾಗುತ್ತದೆ. ಅಂಗೈ, ಅಂಗಾಲಿನಲ್ಲಿ ಮಾತ್ರ ಕೊಂಬುಪದರದ ಕೆಳಗೆ ಇನ್ನೊಂದು ತೆಳು ಪಾರದರ್ಶಕ ಪದರವಿದೆ.

ಸತ್ತ ಚಕ್ಕೆಗಳೆಂದು ಕೊಂಬುಪದರವನ್ನು ಹಗುರವಾಗಿ ಕಾಣುವ ಹಾಗಿಲ್ಲ. ಮೈಯ ಹೆಚ್ಚಿನ ಭಾಗದಲ್ಲಿ ಅದು ಬರೀ 10ರಿಂದ 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪ, ಹದಿನೈದಿಪ್ಪತ್ತು ಸಾಲು ಚಕ್ಕೆ ಅಷ್ಟೇ. ಆದರೆ ನೀರನ್ನು ಒಳಗೆ ಹಿಡಿದಿಡುವ, ಹೊರಗಿನದನ್ನು ತಡೆಯುವ ಕೆಲಸದ ಬಹುಪಾಲು ಅದರದೇ. ಚಕ್ಕೆಗಳು ಕಲ್ಲಾದರೆ ನಡುವಿನ ಗಾರೆ ಕೊಬ್ಬಿನದು: ತೂಕದಲ್ಲಿ ಸುಮಾರು ಅರ್ಧ ಸೆರಮೈಡ್ ಎಂಬ ಕೊಬ್ಬು, ಕಾಲು ಭಾಗ ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲ. ಮೇಲ್ಮೈ ತುಸು ಹುಳಿ, ಪಿಎಚ್ 4.5ರಿಂದ 5.5. ಬಟ್ಟೆಸೋಪಿನಿಂದ ಮೈ ತಿಕ್ಕುವವರು ಈ ಹುಳಿಯನ್ನೂ ಗಾರೆಯನ್ನೂ ಒಟ್ಟಿಗೇ ತೊಳೆದು ಹಾಕುತ್ತಾರೆ.

ಈ ಗಾರೆಯೊಳಗೆ ನುಸುಳಲು ಅಣು ಚಿಕ್ಕದಿರಬೇಕು. 2000ನೇ ಇಸವಿಯಲ್ಲಿ ಬಾಸ್ ಮತ್ತು ಮೈನಾರ್ಡಿ ಮುಂದಿಟ್ಟ ಸರಳ ಲೆಕ್ಕ ಇದು: ಅಣುತೂಕ 500 ಡಾಲ್ಟನ್ ದಾಟಿದರೆ ಆರೋಗ್ಯವಂತ ಚರ್ಮದ ಮೂಲಕ ಒಳಹೋಗುವುದು ಕಷ್ಟ. ಟರ್ಬಿನಫಿನ್ 291, ಹೈಡ್ರೋಕಾರ್ಟಿಸೋನ್ 362, ಕ್ಲೋಬೆಟಾಸಾಲ್ ಪ್ರೊಪಿಯೊನೇಟ್ 467. ಮೂರೂ ಪಾಸು. ಒಳಚರ್ಮದ ನಾರಿನ ಪ್ರೋಟೀನ್ ಕಾಲಜನ್ ಸುಮಾರು ಮೂರು ಲಕ್ಷ. ದುಬಾರಿ ಕಾಲಜನ್ ಕ್ರೀಮ್ ಹಚ್ಚಿಕೊಂಡರೆ ಅದು ಬಾಗಿಲಲ್ಲೇ ನಿಂತು ಸಂಜೆ ಮುಖ ತೊಳೆಯುವಾಗ ಹೋಗುತ್ತದೆ.

ಇನ್ನು ಜಾಗದ ಲೆಕ್ಕ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಹೈಡ್ರೋಕಾರ್ಟಿಸೋನನ್ನು ದೇಹದ ಬೇರೆ ಬೇರೆ ಕಡೆ ಹಚ್ಚಿ, ಎಷ್ಟು ಹೀರಲ್ಪಟ್ಟಿತು ಎಂದು ಅಳೆದರು. ಮುಂಗೈಯಲ್ಲಿ ಹೀರಲ್ಪಟ್ಟದ್ದನ್ನು 1 ಎಂದಿಟ್ಟುಕೊಂಡರೆ ಅಂಗಾಲಿನಲ್ಲಿ 0.14, ಬೆನ್ನಿನಲ್ಲಿ 1.7, ನೆತ್ತಿಯಲ್ಲಿ 3.5, ಹಣೆಯಲ್ಲಿ 6, ದವಡೆಯಂಚಿನಲ್ಲಿ 13, ವೃಷಣಚೀಲದಲ್ಲಿ 42. ಅಂಗಾಲಿಗೂ ವೃಷಣಚೀಲಕ್ಕೂ ಮುನ್ನೂರು ಪಟ್ಟು ಅಂತರ. ಪಾದದ ಬಿರುಸು ಚರ್ಮಕ್ಕೆಂದು ವೈದ್ಯರು ಬರೆದುಕೊಟ್ಟ ಕ್ರೀಮಿನಲ್ಲಿ ಉಳಿದದ್ದನ್ನು ತೊಡೆಸಂದಿಗೆ ಬಳಸುವವರು ಯಾವ ಪ್ರಮಾಣದ ಔಷಧ ಹಚ್ಚುತ್ತಿದ್ದಾರೆ ಎಂಬುದನ್ನು ಈ ಅಂಕಿಯ ಪಕ್ಕ ಇಟ್ಟು ನೋಡಬೇಕು. ಸಂದಿನಲ್ಲಿ ಚರ್ಮಕ್ಕೆ ಚರ್ಮ ಒತ್ತಿಕೊಂಡು ಬೆವರು ಆರದೆ ನಿಲ್ಲುವುದರಿಂದ ಹೀರುವಿಕೆ ಮತ್ತೂ ಹೆಚ್ಚು. ಮಂಗಳೂರು, ಉಡುಪಿಯ ಏಪ್ರಿಲ್-ಮೇ ಸೆಕೆಯಲ್ಲಿ ಬಿಗಿ ಜೀನ್ಸ್ ತೊಟ್ಟವರ ಸ್ಥಿತಿ, ಕ್ರೀಮ್ ಹಚ್ಚಿ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡಂತೆ.

ಶಿಲೀಂಧ್ರ ಕೂತಿರುವುದು ಎಲ್ಲಿ

ಹುಳುಕಡ್ಡಿಯಲ್ಲಿ ಹುಳುವಿಲ್ಲ. ಅದು ಹೆಚ್ಚಾಗಿ ಟ್ರೈಕೊಫೈಟಾನ್ ಜಾತಿಯ ಶಿಲೀಂಧ್ರ. ಅದಕ್ಕೆ ಬೇಕಾದ್ದು ಕೆರಾಟಿನ್. ಆದ್ದರಿಂದ ಅದು ಕೊಂಬುಪದರ, ಕೂದಲು, ಉಗುರುಗಳಲ್ಲೇ ಬಿಡಾರ ಹೂಡುತ್ತದೆ, ಕೆಳಗಿನ ಜೀವಂತ ಪದರಗಳಿಗೆ ಸಾಮಾನ್ಯವಾಗಿ ಇಳಿಯುವುದಿಲ್ಲ. ನಮಗೆ ಕಾಣುವ ಕೆಂಪು, ನವೆ, ಉಂಗುರದ ಉಬ್ಬಿದ ಅಂಚು ಶಿಲೀಂಧ್ರದ್ದಲ್ಲ, ಅದರ ಮೇಲೆ ದೇಹ ಹೂಡಿದ ದಾಳಿಯ ಗುರುತು. ಮುಳ್ಳುಪದರದಲ್ಲಿ ಕಾವಲಿರುವ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಸುದ್ದಿ ಮುಟ್ಟಿಸುತ್ತವೆ, ರಕ್ತನಾಳ ಅಗಲವಾಗುತ್ತವೆ, ತಳದ ಕೋಶಗಳು ಬೇಗ ಬೇಗ ಒಡೆದು ಶಿಲೀಂಧ್ರ ಹೊತ್ತ ಚಕ್ಕೆಗಳನ್ನು ಹೊರಗೆ ಉದುರಿಸುತ್ತವೆ. ನಡುವೆ ವಾಸಿಯಾಗುತ್ತ ಅಂಚು ಮುಂದೆ ಸರಿಯುವುದರಿಂದಲೇ ಉಂಗುರದ ಆಕಾರ.

ಸ್ಟೀರಾಯ್ಡ್ ಇದೆಲ್ಲವನ್ನೂ ನಿಲ್ಲಿಸುತ್ತದೆ. ರಕ್ತನಾಳ ಬಿಗಿಯುತ್ತದೆ, ಕಾವಲು ಕೋಶ ಕಡಿಮೆಯಾಗುತ್ತವೆ, ತಳದ ಕೋಶಗಳ ವಿಭಜನೆ ನಿಧಾನವಾಗಿ ಚಕ್ಕೆ ಉದುರುವುದು ತಗ್ಗುತ್ತದೆ. ನೋಡುವವರಿಗೆ ಕಾಯಿಲೆ ಹೋಯಿತು. ನಿಜವಾಗಿ ಹೋದದ್ದು ದೇಹದ ಪ್ರತಿರೋಧ. ಶಿಲೀಂಧ್ರಕ್ಕೆ ಬಾಡಿಗೆಯಿಲ್ಲದ ಮನೆ ಸಿಕ್ಕಿತು. ಅಂಚು ಮಸುಕಾಗಿ, ಉಂಗುರದೊಳಗೆ ಉಂಗುರ ಮೂಡಿ, ನೋಡಿದ ಕೂಡಲೇ ಹುಳುಕಡ್ಡಿ ಎಂದು ಹೇಳಲಾಗದ ವೇಷ ಬರುತ್ತದೆ. ವೈದ್ಯರ ಭಾಷೆಯಲ್ಲಿ ಇದು ಟೀನಿಯಾ ಇನ್‌ಕಾಗ್ನಿಟೊ. ಕೆಲವೊಮ್ಮೆ ಶಿಲೀಂಧ್ರ ಕೂದಲಿನ ಬುಡದ ಜಾಡು ಹಿಡಿದು ಡರ್ಮಿಸಿಗೂ ಇಳಿಯುತ್ತದೆ. ಆಮೇಲೆ ಮೇಲೆ ಹಚ್ಚುವ ಯಾವ ಮುಲಾಮೂ ಅದನ್ನು ಮುಟ್ಟದು.

ಇದೇ ಟ್ಯೂಬಿನಲ್ಲಿ ಶಿಲೀಂಧ್ರನಾಶಕವೂ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಲೆಕ್ಕ ಹಾಕಿ ನೋಡಿ. ತೋರುಬೆರಳ ತುದಿಯ ಗೆರೆಯಿಂದ ಕೊನೆಯವರೆಗೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ. ಇದು ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎರಡೂ ತೊಡೆಸಂದಿಗೆ, ಅಂಚಿನಾಚೆ ಎರಡು ಸೆಂ.ಮೀ. ಸೇರಿಸಿ, ಒಂದು ಸಲಕ್ಕೆ ಒಂದು ಗ್ರಾಂ ಬೇಕು ಎಂದುಕೊಳ್ಳೋಣ. ದಿನಕ್ಕೆರಡು ಸಲ, ನಾಲ್ಕು ವಾರ ಎಂದರೆ 56 ಗ್ರಾಂ. 15 ಗ್ರಾಂ ಟ್ಯೂಬಿನವರು ಕೊಂಬುಪದರ ಒಂದು ಸುತ್ತು ಬದಲಾಗುವ ಮೊದಲೇ, ನವೆ ನಿಂತ ದಿನವೇ ಬಿಟ್ಟಿರುತ್ತಾರೆ. ಶಿಲೀಂಧ್ರ ಅರೆಬರೆ ಔಷಧ ಕುಡಿದು ಬದುಕುಳಿಯುತ್ತದೆ.

ಈ ಹಿನ್ನೆಲೆಯಲ್ಲೇ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೆಸರನ್ನು ಕೇಳಬೇಕು. ಭಾರತ, ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ, ಟರ್ಬಿನಫಿನ್‌ಗೆ ಬಗ್ಗದ ತಳಿಯನ್ನು ಪರೀಕ್ಷಿಸಿ ಜಪಾನಿನ ಸಂಶೋಧಕರು 2020ರಲ್ಲಿ ಇಟ್ಟ ಹೆಸರು ಅದು. ಟರ್ಬಿನಫಿನ್ ಶಿಲೀಂಧ್ರದ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕಿ ಅದರ ಕೋಶಪೊರೆ ಕೆಡಿಸುತ್ತದೆ. ಈ ತಳಿಯಲ್ಲಿ ಆ ಕಿಣ್ವದ ಜೀನಿನಲ್ಲೇ ಮಾರ್ಪಾಟು ಆಗಿರುವುದರಿಂದ ಔಷಧಕ್ಕೆ ಹಿಡಿತ ಸಿಗುವುದಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಈ ತಳಿಯ ನ್ಯೂಯಾರ್ಕಿನ ಎರಡು ಪ್ರಕರಣಗಳನ್ನು ವರದಿ ಮಾಡಿತು. ಅವರಲ್ಲಿ ಒಬ್ಬರಿಗೆ ವಿದೇಶ ಪ್ರಯಾಣದ ಹಿನ್ನೆಲೆಯೇ ಇರಲಿಲ್ಲ. ಸ್ಟೀರಾಯ್ಡ್ ಮಿಶ್ರಣವೇ ಈ ತಳಿಯನ್ನು ಹುಟ್ಟಿಸಿತು ಎಂದು ಖಡಾಖಂಡಿತವಾಗಿ ಹೇಳಲಾಗದು. ಬೆಳೆಯಲು ಹದವಾದ ನೆಲ ಮಾಡಿಕೊಟ್ಟಿತು ಎಂಬುದರಲ್ಲಿ ತಜ್ಞರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಒಳಚರ್ಮ ಮರಳಿ ಬರುವುದಿಲ್ಲ

ಹೊರಚರ್ಮಕ್ಕೆ ಆದ ಹಾನಿ ತಿಂಗಳುಗಳಲ್ಲಿ ತುಂಬಿಕೊಳ್ಳುತ್ತದೆ, ಅದರ ಸ್ವಭಾವವೇ ಹೊಸದಾಗುವುದು. ಡರ್ಮಿಸಿನ ಮಾತು ಬೇರೆ. ಬೆನ್ನಿನಲ್ಲಿ 3-4 ಮಿ.ಮೀ. ದಪ್ಪವಿರುವ ಈ ಪದರ ಚರ್ಮದ ನಿಜವಾದ ಮೈಕಟ್ಟು: ಕಾಲಜನ್ ನಾರು, ಎಲಾಸ್ಟಿನ್, ರಕ್ತನಾಳ, ನರದ ತುದಿ, ಬೆವರು ಮತ್ತು ಎಣ್ಣೆ ಗ್ರಂಥಿ, ಕೂದಲಿನ ಬುಡ ಎಲ್ಲ ಇಲ್ಲಿವೆ. ಒಣತೂಕದ ಮುಕ್ಕಾಲು ಪಾಲು ಕಾಲಜನ್ನೇ. ಅದನ್ನು ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳ ಕೈಯನ್ನು ಸ್ಟೀರಾಯ್ಡ್ ಕಟ್ಟಿಹಾಕುತ್ತದೆ. ನಾರು ತೆಳುವಾದಂತೆ ಆಧಾರವಿಲ್ಲದ ರಕ್ತನಾಳಗಳು ಕೆಂಪು ಜೇಡರಬಲೆಯಂತೆ ಮೇಲೆ ಕಾಣುತ್ತವೆ, ಸಣ್ಣ ತಾಗುವಿಕೆಗೂ ನೀಲಿಗಟ್ಟುತ್ತದೆ. ತೊಡೆಯ ಒಳಬದಿಯಲ್ಲಿ ಬೆರಳಗಲದ ಕೆನ್ನೀಲಿ ಸೀಳುಗೆರೆ ಮೂಡುತ್ತವೆ, ಇಪ್ಪತ್ತರ ಹುಡುಗರಲ್ಲೂ. ಬಣ್ಣ ವರ್ಷಗಳಲ್ಲಿ ಮಾಸುತ್ತದೆ, ಗೆರೆ ಹೋಗುವುದಿಲ್ಲ.

ಮುಖದ ಕಥೆ ಇದಕ್ಕೆ ಹೊಂದಿಕೊಂಡದ್ದೇ. ಮುಖದ ಕಪ್ಪುಕಲೆಯಾದ ಬಂಗಿಗೆಂದು ವೈದ್ಯರು ಕೆಲವು ವಾರಕ್ಕೆ ಬರೆಯುವ ‘ತ್ರಿವಳಿ’ ಕ್ರೀಮಿನಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಒಂದು ಸ್ಟೀರಾಯ್ಡ್ ಇರುತ್ತದೆ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲಿಸ್ ಪ್ರಕಟಿಸಿದ ಸೂತ್ರದ ಸಂತತಿ ಅದು. ಅದನ್ನೇ ನೈಟ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚಿದರೆ ಮುಖ ಬಿಸಿಲಿಗೆ ಉರಿಯುತ್ತದೆ, ಕೆಂಪೇರುತ್ತದೆ, ಮೊಡವೆ ಎದ್ದು ಕೆನ್ನೆಯಲ್ಲಿ ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿ ದುಪ್ಪಟ್ಟಾಗುವುದರಿಂದ ಬಿಡಲೂ ಆಗುವುದಿಲ್ಲ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ತೊಂದರೆಯೊಂದಿಗೆ ಬಂದ 2,926 ಜನರಲ್ಲಿ 433 ಮಂದಿ, ಅಂದರೆ 14.8%, ಸ್ಟೀರಾಯ್ಡ್ ಹಚ್ಚುತ್ತಿದ್ದವರೇ. ಬಣ್ಣದ ಆಸೆಗೆ ಚರ್ಮದ ರಚನೆಯಲ್ಲಿ ಆಧಾರವೂ ಕಡಿಮೆ: ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳ ಸಂಖ್ಯೆ ಕಪ್ಪು-ಬಿಳಿ ಎನ್ನದೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಅವು ತಯಾರಿಸಿ ಹಂಚುವ ಮೆಲನಿನ್‌ನ ಗಾತ್ರ, ಬಗೆಯಲ್ಲಿ.

ಕೈಕೂಸುಗಳಿಗೆ ಇನ್ನೂ ಅಪಾಯ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು, ಮೇಲೆ ಡೈಪರ್ ಮುಚ್ಚಿರುತ್ತದೆ. ಡೈಪರ್ ಗುಳ್ಳೆಗೆ ಕ್ಲೋಬೆಟಾಸಾಲ್ ಮಿಶ್ರಣ ಹಚ್ಚಿ ಮಗು ಗುಂಡಗೆ ಊದಿಕೊಂಡು, ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಉಲ್ಟಾ ದಿಕ್ಕಿನದು. 1952ರಲ್ಲಿ ಹೈಡ್ರೋಕಾರ್ಟಿಸೋನ್ ಮುಲಾಮು ಬಂದ ಮೇಲೆ ಎಕ್ಸಿಮಾ ರೋಗಿಗಳ ಬದುಕೇ ಬದಲಾಯಿತು. ಸೋರಿಯಾಸಿಸ್, ತೊನ್ನು, ಎಕ್ಸಿಮಾಗಳಲ್ಲಿ ಸರಿಯಾದ ಬಲದ ಸ್ಟೀರಾಯ್ಡ್, ಸರಿಯಾದ ಜಾಗಕ್ಕೆ, ಸರಿಯಾದ ದಿನಗಳಷ್ಟು ಬೇಕೇ ಬೇಕು. ಲೇಖನ ಓದಿ ಹೆದರಿ ವೈದ್ಯರು ಕೊಟ್ಟದ್ದನ್ನು ಚರಂಡಿಗೆ ಹಾಕುವುದೂ ದಡ್ಡತನವೇ.

ಕಾನೂನು ಇದ್ದೂ

2012ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯ 59ನೇ ವರದಿ, ಕೇಂದ್ರದ ಅನುಮೋದನೆಯಿಲ್ಲದೆ ರಾಜ್ಯಗಳ ಪರವಾನಗಿಯಲ್ಲೇ ಮಿಶ್ರಣ ಔಷಧಗಳು ಮಾರುಕಟ್ಟೆಗೆ ಬರುತ್ತಿರುವುದನ್ನು ಎತ್ತಿ ಹೇಳಿತು. ಚರ್ಮರೋಗ ತಜ್ಞರ ರಾಷ್ಟ್ರೀಯ ಸಂಘ ಐಎಡಿವಿಎಲ್ ಸ್ಟೀರಾಯ್ಡ್ ದುರ್ಬಳಕೆ ವಿರುದ್ಧ ಕಾರ್ಯಪಡೆಯನ್ನೇ ರಚಿಸಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರುವ ಹಾಗಿಲ್ಲ ಎಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣ ಔಷಧಗಳ ನಿಷೇಧವಾಯಿತು. ಪಟ್ಟಿಯಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳಿದ್ದವು. ಆದರೆ ನಿಷೇಧ ಆಯಾ ನಿರ್ದಿಷ್ಟ ಸಂಯೋಜನೆಗೆ ಮಾತ್ರ. ನಾಲ್ಕರಲ್ಲಿ ಒಂದನ್ನು ಬದಲಿಸಿದರೆ ಅದು ಪಟ್ಟಿಯಲ್ಲಿಲ್ಲದ ಬೇರೆ ಔಷಧ. ಕೌಂಟರಿನಲ್ಲಿ ಚೀಟಿ ಕೇಳುವ ಅಭ್ಯಾಸವಂತೂ ಬೇರೂರಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಚರ್ಮತಜ್ಞರೇ ಇಲ್ಲದಿರುವಾಗ ಜನ ಮೆಡಿಕಲ್ ಸ್ಟೋರಿನವರನ್ನೇ ಕೇಳುವುದು ತಪ್ಪೆಂದು ಹೇಗೆ ಹೇಳುವುದು?

ಈಗಾಗಲೇ ಅಂಟಿಕೊಂಡವರಿಗೆ

ಮೊದಲ ಕೆಲಸ, ಅದು ಹುಳುಕಡ್ಡಿಯೇ ಎಂದು ಖಚಿತಪಡಿಸಿಕೊಳ್ಳುವುದು. ಪರೀಕ್ಷೆ ಅಗ್ಗದ್ದು. ಉಂಗುರದ ಅಂಚಿನಿಂದ ಮೊಂಡು ಬ್ಲೇಡಿನಲ್ಲಿ ಚಕ್ಕೆ ಕೆರೆದು ಗಾಜಿನ ಮೇಲಿಟ್ಟು, 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಹತ್ತು-ಹದಿನೈದು ನಿಮಿಷ ಕಾಯುತ್ತಾರೆ. ಕೆರಾಟಿನ್ ಕರಗಿ ತಿಳಿಯಾದಾಗ ಸೂಕ್ಷ್ಮದರ್ಶಕದಲ್ಲಿ ಗಿಣ್ಣು ಗಿಣ್ಣಾಗಿ ಕವಲೊಡೆದ ಎಳೆಗಳು ಕಾಣುತ್ತವೆ, ಎಳೆ ಬಿದಿರನ್ನು ನೆನಪಿಸುವಂತೆ. ಮಚ್ಚೆ ತುರಿಸದೆ, ಮುಟ್ಟಿದರೆ ಸ್ಪರ್ಶ ಗೊತ್ತಾಗದಿದ್ದರೆ ಅದು ಬೇರೆ ವಿಷಯ. ಕುಷ್ಠವಲ್ಲ ಎಂದು ಖಾತ್ರಿಯಾಗುವವರೆಗೆ ಯಾವ ಕ್ರೀಮೂ ಬೇಡ.

ಚಿಕಿತ್ಸೆಯಲ್ಲಿ ಸ್ಟೀರಾಯ್ಡಿಲ್ಲದ ಶಿಲೀಂಧ್ರನಾಶಕವನ್ನು ಅಂಚಿನಾಚೆ ಎರಡು ಸೆಂ.ಮೀ.ವರೆಗೆ ಹಚ್ಚಬೇಕು, ಕಲೆ ಮಾಯವಾದ ಮೇಲೂ ಕನಿಷ್ಠ ಎರಡು ವಾರ ಮುಂದುವರಿಸಬೇಕು. ಹರಡಿದ್ದರೆ ಮಾತ್ರೆ ಬೇಕಾಗುತ್ತದೆ. ಈಗ ಹೆಚ್ಚಾಗಿ ಬರೆಯುವುದು ಇಟ್ರಾಕೊನಜೋಲ್, ಸಾಮಾನ್ಯವಾಗಿ ದಿನಕ್ಕೆ 100ರಿಂದ 200 ಮಿ.ಗ್ರಾಂ, ವಾರಗಟ್ಟಲೆ. ಈ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟದೊಂದಿಗೆ ನುಂಗಬೇಕು. ಗ್ಯಾಸ್ಟ್ರಿಕ್ ಮಾತ್ರೆ ಜೊತೆಯಲ್ಲಿದ್ದರೆ ಅರ್ಧಂಬರ್ಧ ಹೀರಲ್ಪಡುತ್ತದೆ. ‘ಮಾತ್ರೆ ತಿಂದರೂ ಹೋಗಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಬೆಳಗಿನ ಗ್ಯಾಸ್ಟ್ರಿಕ್ ಮಾತ್ರೆ. ಹೃದಯ ದುರ್ಬಲವಿದ್ದವರಿಗೆ, ಗರ್ಭಿಣಿಯರಿಗೆ, ಕೆಲವು ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಕೂಡದು.

ಉಡಿದಾರವನ್ನು ಚಿಕಿತ್ಸೆ ಮುಗಿಯುವವರೆಗೆ ಬಿಚ್ಚಿಡಿ. ಬೆವರು ಕುಡಿದು ಸದಾ ಒದ್ದೆಯಾಗಿರುವ ಆ ದಾರವೂ, ಲಂಗದ ಲಾಡಿ ಬಿಗಿದ ಜಾಗವೂ ಶಿಲೀಂಧ್ರಕ್ಕೆ ಪ್ರಿಯ. ಒಳಬಟ್ಟೆ, ಟವೆಲ್, ಹೊದಿಕೆಯನ್ನು ಬೇರೆಯಾಗಿ, 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗಾಗಿಸಿ ಬಿಸಿಲಲ್ಲಿ ಒಣಗಿಸಿ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅದು ಕೈಬದಲಾಗುತ್ತಲೇ ಇರುತ್ತದೆ.

ಮುಖಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರು ಒಮ್ಮೆಲೇ ನಿಲ್ಲಿಸಿ ಉರಿ ತಾಳಲಾರದೆ ಮತ್ತೆ ಹಚ್ಚುವುದಕ್ಕಿಂತ, ಕಡಿಮೆ ಬಲದ್ದಕ್ಕೆ ಇಳಿದು ಬಿಡುವುದನ್ನು ವೈದ್ಯರ ಜೊತೆ ಮಾತಾಡಿ ನಿರ್ಧರಿಸಲಿ. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಒಯ್ಯಬೇಕು. ಹೆಸರು ನೆನಪಿರುವುದಿಲ್ಲ, ಹಿಂಬದಿಯ ಆ ಸಣ್ಣ ಅಕ್ಷರ ಓದಿದರೆ ಏನಾಗಿದೆ ಎಂಬುದರ ಮುಕ್ಕಾಲು ಭಾಗ ವೈದ್ಯರಿಗೆ ಅಲ್ಲೇ ಗೊತ್ತಾಗುತ್ತದೆ.